ಹೋದ್ರ ಒಂದು ಕುಕ್ಕರ್

ಷೇರು ಮಾರುಕಟ್ಟೆ ತೆರೆದಿರುವ ಹೊತ್ತಿನಲ್ಲಿ ನೀವು ನನ್ನ ನಂಬರಿಗೆ ಫೋನ್ ಮಾಡಿದರೆ ನಾನು ಸಿಗುವುದಿಲ್ಲ, ಸರೋಜಾ ಸಿಗುತ್ತಾಳೆ. ಸರೋಜಾಳ ನಂಬರಿಗೆ ಮಾಡಿದರೆ ನಾನು ಸಿಗುತ್ತೇನೆ. ನಮ್ಮ ಬಂಧುಬಳಗಕ್ಕೆಲ್ಲ ಇದು ಈಗ ರೂಢಿಯಾಗಿದೆ. ಮೊದಮೊದಲು ಆಗಿರಲಿಲ್ಲ. ಕೊಪ್ಪಳದಲ್ಲಿರುವ ನನ್ನ ತಂಗಿ ಒಂದು ಮುಂಜಾನೆ ಫೋನ್ ಮಾಡಿದವಳು, 'ಹಲೋ' ಅನ್ನುವುದಕ್ಕೂ ಬಿಡದೆ ತನ್ನ ಅತ್ತೆಯ ಬಗ್ಗೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದಳಂತೆ. ಸರೋಜಾ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ ಕೊನೆಗೆ, "ನಿಮ್ಮ ಅಕ್ಕಾರು ಮ್ಯಾಲಿನ ಮನಿಯಾಗ ಅದಾರ್ರಿ, ಮಾರ್ಕೆಟ್ ಮುಗದ ಮ್ಯಾಲೆ ಹೇಳ್ತೀನಿ. ಆದ್ರ ನಿಮ್ಮ ಅತ್ತಿದು ಭಾಳ ಆತು ಬಿಡ್ರಿ," ಅಂದಳಂತೆ. ಈಗ ತಂಗಿ ನನಗಿಂತ ಹೆಚ್ಚಾಗಿ ಅವಳ ಜೊತೆಗೇ ಮಾತಾಡುತ್ತಾಳೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಫೋನು ಅದಲುಬದಲಾಗುವುದು ಯಾಕೆ ಅಂತ ಹೇಳುವ ಮೊದಲು ನಾವು ಯಾರು ಅಂತ ಹೇಳಬೇಕಲ್ಲ. ಹೈದರಾಬಾದಿನ ನಾರಾಯಣಗೂಡದಲ್ಲಿ, ಎಡಕ್ಕೊಂದು ಬಲಕ್ಕೊಂದು ಕೋಚಿಂಗ್ ಸೆಂಟರಿನ ಬೋರ್ಡು ನೇತಾಡುವ ಒಂದು ಹಳೆಯ ಕಟ್ಟಡದಲ್ಲಿ ನಮ್ಮ ವಾಸ. ಮೇಲಿನ ಮನೆ ನಮ್ಮದು. ನನ್ನ ಹೆಸರು ಶಾಂತಾ. ಹೆಸರಿಟ್ಟವರು ನನ್ನನ್ನು ತೊಟ್ಟಿಲಲ್ಲಿ ನಿದ್ದೆ ಮಾಡುವಾಗ ಮಾತ್ರ ನೋಡಿದ್ದರು ಅಂತ ಕಾಣುತ್ತದೆ. ಈ ಬೀದಿಯ ಎಷ್ಟೋ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದವಳು ನಾನು. ನಮ್ಮವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾಗಿ ಈಗ ಪೇಪರು ಓದುತ್ತಾರೆ. ಕೆಳಗಿನ ಮನೆ ಸರೋಜಾಳದು. ಲಿಂಗಸುಗೂರು ಕಡೆಯ ಹುಡುಗಿ; ಹುಡುಗಿ ಅಂದರೆ ನನಗಿಂತ ಹತ್ತು ವರ್ಷ ಚಿಕ್ಕವಳು ಅಂತ ಅರ್ಥ, ಮಗಳ ಮದುವೆ ಮಾಡಿ ಕಳಿಸಿದ್ದಾಳೆ. ಅವಳ ಗಂಡ ಮಲ್ಲಿಕಾರ್ಜುನಪ್ಪನವರು ತೊಗರಿಬೇಳೆಯ ಸಗಟು ವ್ಯಾಪಾರಿ. ಮಾತು ಕಡಿಮೆ. 'ಹೂಂ' ಅನ್ನುವುದರಲ್ಲೇ ಏಳೆಂಟು ಬಗೆ ಮಾಡಿಕೊಂಡಿದ್ದಾರೆ.

ಈ ಷೇರಿನ ಹುಚ್ಚು ಮೊದಲು ಹಿಡಿದದ್ದು ಸರೋಜಾಳಿಗೆ. ಫೋನಿನಲ್ಲಿ ತೆಲುಗು ವಿಡಿಯೊ ನೋಡಿ ನೋಡಿ ಕಲಿತಳು. ಒಂದು ದಿನ ಕೊತ್ತಂಬರಿ ಕೇಳಲು ಹೋದ ನನಗೂ ಅಂಟಿಸಿದಳು. ಆ ದಿನ ನಾನು ಕೊತ್ತಂಬರಿ ಮರೆತು, ಒಂದು ಸಿಮೆಂಟು ಕಂಪನಿಯ ಷೇರು ಕೊಂಡು ಮೇಲೆ ಬಂದೆ. ಆಹಾ, ಆ ಪುಳಕವನ್ನು ಏನೆಂದು ಹೇಳಲಿ! ಅಂಕಿ ಹಸಿರಾದರೆ ನಾನೇ ಸಿಮೆಂಟು ಕಂಡುಹಿಡಿದವಳಂತೆ ಬೀಗುತ್ತಿದ್ದೆ. ಕೆಂಪಾದರೆ ನಮ್ಮವರ ಮೇಲೆ ಹರಿಹಾಯುತ್ತಿದ್ದೆ. ಪಾಪ, ಅವರಿಗೂ ಸಿಮೆಂಟಿಗೂ ಏನು ಸಂಬಂಧ?

ಕೊಳ್ಳುವುದು ಯಾರಿಗಾದರೂ ಬರುತ್ತದೆ ನೋಡಿ. ಕಷ್ಟವಿರುವುದು ಹೊರಬರುವುದರಲ್ಲಿ. ಅದಕ್ಕೆಂದೇ ಆ್ಯಪಿನವರು ಒಂದು ಉಪಾಯ ಮಾಡಿಟ್ಟಿದ್ದಾರೆ. ಕೊಂಡ ಕೂಡಲೇ ಎರಡು ಆರ್ಡರು ಹಾಕಿಡಬಹುದು. ಒಂದು ಮೇಲೆ: ಬೆಲೆ ಇಲ್ಲಿಗೆ ಏರಿದರೆ ಮಾರಿಬಿಡು, ಇಷ್ಟು ಲಾಭ ಸಾಕು. ಇನ್ನೊಂದು ಕೆಳಗೆ: ಇಲ್ಲಿಗೆ ಇಳಿದರೂ ಮಾರಿಬಿಡು, ಇದಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಬೇಡ. ಈ ಕೆಳಗಿನದಕ್ಕೆ ಸ್ಟಾಪ್‌ಲಾಸ್ ಅನ್ನುತ್ತಾರೆ. ಎರಡರಲ್ಲಿ ಒಂದು ನಡೆದರೆ ಇನ್ನೊಂದು ತಾನಾಗಿಯೇ ರದ್ದಾಗುತ್ತದೆ. ನೀವು ಸಾರಿಗೆ ಒಗ್ಗರಣೆ ಹಾಕುತ್ತಿರಿ, ಮಲಗಿರಿ, ಜಗಳವಾಡುತ್ತಿರಿ, ಕೆಲಸ ತಾನಾಗಿ ಆಗುತ್ತದೆ. ಇಷ್ಟೇ. ಆರನೇ ಕ್ಲಾಸಿನ ಮಗುವಿಗೂ ತಿಳಿಯುವ ವಿಷಯ.

ತಿಳಿಯುತ್ತದೆ, ಆದರೆ ಮಾಡಲು ಕೈ ಬರಬೇಕಲ್ಲ! ನಾವು ಎಂಥ ಕಡೆಯಿಂದ ಬಂದವರು ಯೋಚಿಸಿ. ನಮ್ಮಲ್ಲಿ ಹೊರಡುವುದು ಅಂದರೆ ಕೂಡಲೇ ಹೊರಡುವುದಲ್ಲ. ನನ್ನ ಸೋದರತ್ತೆ ಕಮಲತ್ತಿ ನಮ್ಮ ಮನೆಗೆ ಬಂದರೆ ಮಧ್ಯಾಹ್ನ ಊಟವಾದ ಮೇಲೆ, "ಹೊಂಡ್ತೀನಿ ನಾ ಇನ್ನ," ಅನ್ನುವಳು. ಅವ್ವ, "ಈಗ ಬಂದೀರಿ, ಕೂಡ್ರಿ, ಚಾ ಕುಡದು ಹೋಗೀರಂತ," ಅನ್ನುವಳು. ಚಹಾ ಆಗುವುದು. ಕಮಲತ್ತಿ ಎದ್ದು ಪಡಸಾಲೆಯವರೆಗೆ ಬರುವಳು, ಅಲ್ಲಿ ಗೋಡೆಗೆ ಒರಗಿ ಹೊಸ ಸುದ್ದಿ ತೆಗೆಯುವಳು. ಹೊಸ್ತಿಲ ಹತ್ತಿರ ಕುಂಕುಮ ಹಚ್ಚಿಸಿಕೊಂಡು, ಚಪ್ಪಲಿಯಲ್ಲಿ ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ಹಾಗೇ ಹೊರಗಿಟ್ಟುಕೊಂಡು ಯಾರದೋ ಮದುವೆಯ ಮಾತುಕತೆ ಇಡಿಯಾಗಿ ಹೇಳಿ ಮುಗಿಸುವಳು. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿ, "ದೀಪ ಹಚ್ಚೂ ಹೊತ್ತಿನಾಗ ಯಾರರ ಹೋಗ್ತಾರೇನು?" ಅಂತ ಅವ್ವ ಅವಳನ್ನು ಮತ್ತೆ ಒಳಗೆ ಎಳೆದುಕೊಂಡು ಬರುವಳು. ಮರುದಿನ ಮುಂಜಾನೆಯೂ ಇದೇ ಆಟ. ಹೊರಟ ಅತಿಥಿಯನ್ನು 'ಹೋಗಿ ಬನ್ನಿ' ಅಂತ ಮೊದಲ ಸಲಕ್ಕೇ ಕಳಿಸಿಬಿಟ್ಟರೆ ನಮ್ಮಲ್ಲಿ ಅದು ಊರೆಲ್ಲ ಸುದ್ದಿಯಾಗುವಂಥ ಅಪಮಾನ.

ಇಂಥ ಮನೆಯಲ್ಲಿ ಬೆಳೆದ ನಾನು ಸ್ಟಾಪ್‌ಲಾಸ್ ಹಾಕಿದರೆ ಏನಾಗುತ್ತದೆ? ಬೆಲೆ ಇಳಿದು ಇಳಿದು ನಾನಿಟ್ಟ ಗೆರೆಯ ಹತ್ತಿರ ಬಂತು ಅನ್ನಿ. ಷೇರು 'ಹೊಂಡ್ತೀನಿ' ಅನ್ನುತ್ತಿದೆ. ನನ್ನ ಕೈ ತಡೆಯುವುದಿಲ್ಲ. 'ಕೂಡ್ರಿ, ಚಾ ಕುಡದು ಹೋಗೀರಂತ' ಅಂತ ಗೆರೆಯನ್ನು ಇನ್ನೊಂದಿಷ್ಟು ಕೆಳಗೆ ಇಳಿಸುತ್ತೇನೆ. ಬೆಲೆ ಅಲ್ಲಿಗೂ ಬರುತ್ತದೆ. ಪಡಸಾಲೆ, ಹೊಸ್ತಿಲು, ಒಂದು ಕಾಲಲ್ಲಿ ಚಪ್ಪಲಿ. ಹೀಗೆ ಉಪಚಾರ ಮಾಡಿ ಮಾಡಿ ಆ ಸಿಮೆಂಟು ಕಂಪನಿಯನ್ನು ನಾನು ಪಾತಾಳದವರೆಗೂ ಕೈಹಿಡಿದು ಕರೆದುಕೊಂಡು ಹೋದೆ. ಗಣಿತ ಹೇಳಿದವಳು ನಾನು! ಇನ್ನೊಬ್ಬರ ಮಕ್ಕಳು ಒಂದು ಅಂಕಿ ತಪ್ಪಿದರೆ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ತಟ್ಟಿದವಳು!

ಇನ್ನೊಂದು ತಮಾಷೆ ಕೇಳಿ. ಒಮ್ಮೆ ಲಾಭ ಕಂಡಿತೆಂದು ಹಿಗ್ಗಿ ಹೀರೇಕಾಯಿಯಾಗಿ, ಗುರಿ ಬರುವ ಮೊದಲೇ ಕೈಯಾರೆ ಮಾರಿಬಿಟ್ಟೆ. ಆ ದಿನ ಕೆಳಗಿನ ಆರ್ಡರನ್ನು ಜೋಡಿಯಾಗಿ ಹಾಕದೆ ಬೇರೆಯಾಗಿ ಹಾಕಿದ್ದೆ. ಅದನ್ನು ರದ್ದು ಮಾಡಬೇಕೆಂಬುದು ನೆನಪೇ ಆಗಲಿಲ್ಲ. ಕೇಸರಿಬಾತ್ ಮಾಡಿ, ಸರೋಜಾಳಿಗೆ ತಟ್ಟೆ ತುಂಬ ಕೊಟ್ಟು, ಚಾಪೆ ಹಾಸಿ ಮಲಗಿದೆ. ಅತ್ತ ಬೆಲೆ ಬಿತ್ತು. ನಿಯತ್ತಿನ ಆಳಿನಂತೆ ಕಾದು ಕೂತಿದ್ದ ಆ ಆರ್ಡರು ಎದ್ದು, ನನ್ನ ಹತ್ತಿರ ಇಲ್ಲವೇ ಇಲ್ಲದ ಷೇರನ್ನು ನನ್ನ ಹೆಸರಿನಲ್ಲಿ ಮಾರಿಬಿಟ್ಟಿತು. ಎದ್ದು ನೋಡಿದರೆ ಮನೆಯಲ್ಲಿಲ್ಲದ ಎಮ್ಮೆಯನ್ನು ಸಂತೆಯಲ್ಲಿ ಮಾರಿ ಬಂದ ಹಾಗಾಗಿತ್ತು! ಮತ್ತೆ ಕೊಂಡು ಲೆಕ್ಕ ಸರಿ ಮಾಡುವಷ್ಟರಲ್ಲಿ ತಿಂದ ಕೇಸರಿಬಾತೆಲ್ಲ ಕರಗಿಹೋಯಿತು.

ಸರೋಜಾಳದು ಇನ್ನೂ ಕಷ್ಟ. ಅವಳು ಆಡುವುದು ಆಪ್ಷನ್ನು, ಅಂದರೆ ಇಂಥ ದಿನದೊಳಗೆ ಬೆಲೆ ಏರೀತು ಅಥವಾ ಇಳಿದೀತು ಅಂತ ಕಟ್ಟುವ ಪಣ. ಷೇರಾದರೆ ಬಿದ್ದರೂ ಎಂದಾದರೂ ಏಳಬಹುದು. ಆಪ್ಷನ್ನಿಗೆ ವಾಯಿದೆ ಇರುತ್ತದೆ, ಆ ದಿನ ಮುಗಿದರೆ ಮುಗಿಯಿತು. ಬಿಸಿಲಿಗಿಟ್ಟ ಕುಲ್ಫಿಯ ಹಾಗೆ, ತಿನ್ನದಿದ್ದರೂ ಕರಗುತ್ತಿರುತ್ತದೆ. ಅಲ್ಲಿ ಗೆರೆ ಇಳಿಸುತ್ತ ಕೂತರೆ ಕೊನೆಗೆ ಕೈಯಲ್ಲಿ ಕಡ್ಡಿಯಷ್ಟೇ ಉಳಿಯುವುದು. ಸರೋಜಾ ಅಂಥ ಕಡ್ಡಿಗಳನ್ನು ಬೇಕಾದಷ್ಟು ಹಿಡಿದಿದ್ದಳು.

ಆಗಲೇ ನನಗೆ ನಮ್ಮವ್ವನ ಉಪ್ಪಿನಕಾಯಿ ಭರಣಿ ನೆನಪಾದದ್ದು. ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿ, ಭರಣಿಯ ಬಾಯಿಗೆ ಬಿಳಿ ಅರಿವೆ ಕಟ್ಟಿ, "ಇಷ್ಟು ದಿನ ಮುಟ್ಟಂಗಿಲ್ಲ" ಅಂತ ಅವ್ವ ಅಪ್ಪಣೆ ಕೊಡುವಳು. ನಾವು ಮಕ್ಕಳು ಬಿಡುತ್ತೇವೆಯೇ? ಕಾಯಿ ನೆನೆಯಿತೋ ಇಲ್ಲವೋ ಎಂದು ದಿನಾ ಅರಿವೆ ಬಿಚ್ಚಿ, ಒದ್ದೆ ಬೆರಳಿನಿಂದ ಒಂದೊಂದು ಹೋಳು ಹಾರಿಸಿ, ಭರಣಿಗೆ ಭರಣಿಯೇ ಬೂಷ್ಟು ಹಿಡಿಯುವ ಹಾಗೆ ಮಾಡುತ್ತಿದ್ದೆವು. ಎರಡು ವರ್ಷ ಹೀಗಾದ ಮೇಲೆ ಅವ್ವ ಒಂದು ಉಪಾಯ ತೆಗೆದಳು. ನಮ್ಮ ಭರಣಿಯನ್ನು ಪಕ್ಕದ ಮನೆಯ ನೀಲಮ್ಮನ ಮನೆಯಲ್ಲಿಟ್ಟಳು, ನೀಲಮ್ಮನ ಭರಣಿಯನ್ನು ತಂದು ನಮ್ಮ ಮನೆಯಲ್ಲಿಟ್ಟಳು. ಪರರ ಭರಣಿ ಮುಟ್ಟುವ ಧೈರ್ಯ ಯಾರಿಗಿದೆ? ಆ ವರ್ಷ ಎರಡೂ ಮನೆಯ ಉಪ್ಪಿನಕಾಯಿ ಹಬ್ಬದ ತನಕ ಬಂತು.

"ಹಂಗಾರ ಫೋನ್ ಅದಲಬದಲ ಮಾಡೂಣೇನ್ರಿ?" ಅಂದಳು ಸರೋಜಾ, ನಾನು ಇದನ್ನು ಹೇಳಿ ಮುಗಿಸುವ ಮೊದಲೇ. ಅವಳು ಹಾಗೇ. ಬೆಂಕಿಕಡ್ಡಿ ತೋರಿಸಿದರೆ ಸಾಕು, ಒಲೆ ಹೊತ್ತಿಸಿಯೇ ಬಿಡುತ್ತಾಳೆ.

ಹೀಗೆ ನಮ್ಮ ಪದ್ಧತಿ ಶುರುವಾಯಿತು. ಮುಂಜಾನೆ ಮಾರುಕಟ್ಟೆ ತೆರೆದ ಮೇಲೆ ಇಬ್ಬರೂ ಅವರವರ ವ್ಯವಹಾರ ಮಾಡಿ, ಮೇಲೊಂದು ಕೆಳಗೊಂದು ಆರ್ಡರು ಹಾಕಿ, ಮೆಟ್ಟಿಲ ಮೇಲೆ ನಿಂತು ಫೋನು ಬದಲಾಯಿಸಿಕೊಳ್ಳುವುದು. ಮಾರುಕಟ್ಟೆ ಮುಚ್ಚುವವರೆಗೆ ಹಿಂದಕ್ಕೆ ಕೇಳುವಂತಿಲ್ಲ. ಇನ್ನೊಬ್ಬರ ಆರ್ಡರು ಮುಟ್ಟುವಂತಿಲ್ಲ. ಕರೆಂಟು ಹೋಗಿ, ನೆಟ್ಟು ಹೋಗಿ, ಏನಾದರೂ ಅನಾಹುತವಾದರೆ ಇರಲಿ ಅಂತ ಪಿನ್ನನ್ನೂ ಹೇಳಿಕೊಂಡೆವು. ಪಿನ್ ಯಾರಿಗೂ ಹೇಳಬೇಡಿ ಎಂದು ಆ್ಯಪು ದಿನಾ ಬಡಿದುಕೊಳ್ಳುತ್ತದೆ. ನೀವು ಅದರ ಮಾತನ್ನೇ ಕೇಳಿ, ನಮ್ಮದನ್ನು ಕೇಳಬೇಡಿ.

ಇನ್ನೂ ಒಂದು ನೇಮವಿತ್ತು, ಇದು ಸರೋಜಾಳದು. ಆ ದಿನ ಹೆಚ್ಚೆಂದರೆ ಎಷ್ಟು ಹೋಗಬಹುದು ಅನ್ನುವುದನ್ನು ನಾಷ್ಟಾದ ಹೊತ್ತಿಗೇ ಮನೆಯವರೆದುರು ಬಾಯಿಬಿಟ್ಟು ಹೇಳಬೇಕು. ರೂಪಾಯಿಯಲ್ಲಲ್ಲ. ರೂಪಾಯಿ ಅಂದರೆ ಬರೀ ಅಂಕಿ, ಅದು ಮನಸ್ಸಿಗೆ ಮುಟ್ಟುವುದಿಲ್ಲ ಅನ್ನುವುದು ಅವಳ ವಾದ. ಅದಕ್ಕೇ ನಮ್ಮ ನಷ್ಟವೆಲ್ಲ ಸಾಮಾನಿನ ಲೆಕ್ಕದಲ್ಲಿ. "ಇವತ್ತು ಹೋದ್ರ ಒಂದು ಇಳಕಲ್ ಸೀರಿ." "ಇವತ್ತು ಹೋದ್ರ ಒಂದು ಗ್ಯಾಸ್ ಸಿಲಿಂಡರ್." ನಮ್ಮವರು ಪೇಪರಿನ ಹಿಂದಿನಿಂದಲೇ, "ಖಾಲಿಯದೋ ತುಂಬಿದ್ದೋ?" ಅಂತ ಕೇಳುವರು. ಮಲ್ಲಿಕಾರ್ಜುನಪ್ಪನವರು ಮಂಡಕ್ಕಿ ತಿನ್ನುತ್ತ 'ಹೂಂ' ಅನ್ನುವರು.

ಆ ಹೂಂಕಾರದ ಹಿಂದೆ ಏನಿತ್ತು ಅಂತ ಗೊತ್ತಾದದ್ದು ತಡವಾಗಿ. ಒಂದು ತಿಂಗಳ ಶುರುವಿನಲ್ಲಿ ಅವರು ನೇರವಾಗಿ ಹೇಳಿಬಿಟ್ಟರಂತೆ: "ಈ ತಿಂಗಳ ಕಡೀ ದಿನ ಲೆಕ್ಕ ನೋಡ್ತೀನಿ. ಲಾಭ ಇದ್ರ ನಡೀಲಿ. ಲುಕ್ಸಾನ್ ಇದ್ರ ಖಾತೆ ಬಂದ್."

ಸರೋಜಾ ಮೇಲೆ ಬಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತಳು. ಅವಳ ಮುಖ ಹಾಗೆ ಬಾಡಿದ್ದನ್ನು ನಾನು ನೋಡಿರಲಿಲ್ಲ. "ಶಾಂತಕ್ಕ, ಅಂಗಡಿ ಅವರದು, ಮನಿ ಅವರದು. ಮಗಳು ಈಗ ಅವರತ್ತಿ ಮನಿಯಾಕಿ. ಇದೊಂದು ನಂದು ಐತ್ರಿ. ಮುಂಜಾನೆದ್ದು ಇವತ್ತೇನಾಗ್ತೈತೋ ಅಂತ ಎದಿ ಡಬಡಬ ಅಂತೈತಲ್ಲ, ಅದು ನಂದು. ಅದನ್ನೂ ಬಂದ್ ಮಾಡಿದ್ರ ಏನ್ ಮಾಡ್ಲಿ?" ಅಂದಳು. ಅವಳ ಆ ಡಬಡಬ ನನಗೆ ಚೆನ್ನಾಗಿ ಗೊತ್ತು, ನನ್ನೊಳಗೂ ಅದೇ ಬಡಿಯುತ್ತಿತ್ತು.

ಆ ತಿಂಗಳು ಸರೋಜಾ ಎಷ್ಟು ಹುಷಾರಾಗಿ ಆಡಿದಳು ಅಂತೀರಿ! ಕೊನೆಯ ದಿನ ಬರುವ ಹೊತ್ತಿಗೆ ಸಣ್ಣದೊಂದು ಲಾಭದಲ್ಲಿ ನಿಂತಿದ್ದಳು. ಆ ಒಂದು ದಿನ ಸುಮ್ಮನೆ ಕೂತರೆ ಗೆದ್ದಳು. ನಾನು ಕೈಮುಗಿದು ಹೇಳಿದೆ, ಇವತ್ತು ಬ್ಯಾಡವಾ ಅಂತ.

"ಸುಮ್ನ ಕುಂತು ಗೆದ್ರ ಅದು ಗೆದ್ದಂಗೇನ್ರಿ?" ಅಂದಳು. ಕಣ್ಣು ಮಿಂಚುತ್ತಿದ್ದವು. ಒಂದು ಆಪ್ಷನ್ ಕೊಂಡಳು, ಮೇಲೊಂದು ಕೆಳಗೊಂದು ಆರ್ಡರು ಹಾಕಿದಳು. ಮನೆಯಲ್ಲಿ ಗಂಡನೆದುರು ಅವಳು ಹೇಳಿ ಬಂದಿದ್ದ ಮಾತು: "ಇವತ್ತು ಹೋದ್ರ ಒಂದು ಕುಕ್ಕರ್." ಅವಳ ಇಡೀ ತಿಂಗಳ ಲಾಭ ಒಂದು ಕುಕ್ಕರಿಗಿಂತ ಸ್ವಲ್ಪ ಕಡಿಮೆಯೇ ಇತ್ತು. ಅಂದರೆ ಕುಕ್ಕರ್ ಹೋದರೆ ತಿಂಗಳು ನಷ್ಟಕ್ಕೆ ಬೀಳುತ್ತದೆ, ಖಾತೆ ಬಂದ್ ಆಗುತ್ತದೆ.

ಆ ದಿನ ಲಿಂಗಂಪಲ್ಲಿಯಲ್ಲಿ ಮಲ್ಲಿಕಾರ್ಜುನಪ್ಪನವರ ಬಸುರಿ ತಂಗಿಮಗಳಿಗೆ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸದ ಕಾರ್ಯ. ಗಂಡ ಹೆಂಡತಿ ಇಬ್ಬರೂ ಹೊರಟರು. ಸರೋಜಾ ಜರಿ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ತನ್ನ ಫೋನು ನನ್ನ ಕೈಗೆ ಕೊಟ್ಟು, ನನ್ನದನ್ನು ತನ್ನ ಪರ್ಸಿಗೆ ಹಾಕಿಕೊಂಡಳು. ನಾನೂ ಆ ದಿನ ಒಂದು ಷೇರು ಕೊಂಡು ಎರಡೂ ಆರ್ಡರು ಹಾಕಿದ್ದೆ. ನನ್ನದು ಹೋದರೆ ಒಂದು ಮಿಕ್ಸಿಯ ಜಾರು.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮಾರುಕಟ್ಟೆ ಕುಸಿಯತೊಡಗಿತು. ಸರೋಜಾಳ ಫೋನನ್ನು ಬೇಳೆಯ ಡಬ್ಬಿಗೆ ಆನಿಸಿಟ್ಟು ನೋಡುತ್ತಿದ್ದೆ. ಅಂಕಿ ಅವಳ ಗೆರೆಯ ಕಡೆಗೆ ಜಾರುತ್ತಿತ್ತು. ಇದು ಸುಮ್ಮನೆ ಹೆದರಿಸುವ ಇಳಿತ, ಖಂಡಿತ ಏಳುತ್ತದೆ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಗೆರೆಯನ್ನು ಒಂದು ಚೂರು, ಒಂದೇ ಚೂರು ಇಳಿಸಿದರೆ ಸರೋಜಾಳ ಖಾತೆ ಉಳಿಯುತ್ತದೆ! ನನ್ನದೇ ನಂಬರಿಗೆ ಫೋನ್ ಮಾಡಿದೆ. ರಿಂಗಾಯಿತು, ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕುಬಸದ ಹಾಡಿನ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಪಿನ್ ಒತ್ತಿದೆ. ಆರ್ಡರು ತೆರೆದೆ. ಅಂಕಿಯನ್ನು ಬದಲಾಯಿಸಿಯೂ ಬಿಟ್ಟೆ, ಒತ್ತುವುದೊಂದು ಬಾಕಿ. "ಏನು ಮಾಡ್ಲಿ ಹೇಳ್ರೀ!" ಅಂತ ನಮ್ಮವರನ್ನು ಕೇಳಿದೆ.

ಅವರು ಪೇಪರು ಇಳಿಸಿ, "ಯಾರ ಕುಕ್ಕರದು?" ಅಂದರು.

"ಸರೋಜಾಂದು."

"ಮತ್ತ ಅದರ ಸೀಟಿ ನೀ ಯಾಕ ಎತ್ತಾಕತ್ತಿ?" ಅಂದು ಮತ್ತೆ ಪೇಪರಿನೊಳಗೆ ಹೋದರು.

ಸಿಟ್ಟು ಬಂತು, ಆದರೆ ಮಾತು ನಾಟಿತು. ಆ ಗೆರೆ ಸರೋಜಾ ತನ್ನ ಬಾಯಿಯಿಂದ ಗಂಡನೆದುರು ಹೇಳಿದ್ದು. ನಾನು ಇಳಿಸಿದರೆ ಅದು ನನ್ನ ಗೆರೆಯಾಗುತ್ತದೆ, ಅವಳ ಮಾತು ಹೋಗುತ್ತದೆ. ಬೆರಳು ಹಿಂದಕ್ಕೆ ತೆಗೆದುಕೊಂಡು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಟಣ್ ಅಂದಿತು ಫೋನು. ಕುಕ್ಕರ್ ಹೋಯಿತು.

ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಆಮೇಲೆ ಆ ಮಾರುಕಟ್ಟೆ ಮಾಡಿದ್ದೇನು ಗೊತ್ತೇ? ಸರೋಜಾಳನ್ನು ಹೊರಗೆ ಹಾಕುವುದಕ್ಕೇ ಕಾದಿತ್ತು ಅನ್ನುವ ಹಾಗೆ ತಿರುಗಿ ನಿಂತು, ದೌಡಾಯಿಸಿ, ಅವಳ ಮೇಲಿನ ಗುರಿಯನ್ನೂ ದಾಟಿ ಹಾರಿತು. ನಾನು ಸೌಟನ್ನು ನೆಲಕ್ಕೆ ಎಸೆದೆ. ಅತ್ತೂ ಬಿಟ್ಟೆ. ನಮ್ಮವರು ಸದ್ದಿಲ್ಲದೆ ಎದ್ದು ಚಹಾ ಮಾಡಿ ತಂದುಕೊಟ್ಟರು. ನಮ್ಮ ಮದುವೆಯಾದಾಗಿನಿಂದ ಅವರು ಚಹಾ ಮಾಡಿದ್ದನ್ನು ನಾನು ಬೆರಳಲ್ಲಿ ಎಣಿಸಿ ಹೇಳಬಲ್ಲೆ.

ಸಂಜೆ ಇಬ್ಬರೂ ಮೇಲೆ ಬಂದರು. ಮಲ್ಲಿಕಾರ್ಜುನಪ್ಪನವರ ಕೈಯಲ್ಲಿ ಕುಬಸದ ಮನೆಯ ಕರದಂಟಿನ ಡಬ್ಬಿ. ನಾನು ಬಾಯಿ ತೆರೆಯುವ ಮೊದಲೇ ಸರೋಜಾ ನನ್ನ ಫೋನನ್ನು ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ನಿಂತಳು.

"ಶಾಂತಕ್ಕ, ಬೈಬ್ಯಾಡ್ರಿ. ನಿಮ್ಮ ಸ್ಟಾಪ್‌ಲಾಸ್ ನಾ ಕೆಳಗ ಇಳಿಸಿದೆ. ಒಮ್ಮೆ ಅಲ್ರಿ, ಮತ್ತ ಮತ್ತ ಇಳಿಸಿದೆ. ಕಡೀಕ ಮ್ಯಾಲೆ ಹೋತು. ನಿಮಗ ಲಾಭ ಆತ್ರಿ."

ಲಾಭ ಅನ್ನುವ ಮಾತು ಕೇಳಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. "ಯಾರು ಹೇಳಿದ್ರು ನಿನಗ ಇಳಸಂತ? ನಾ ಫೋನ್ ಮಾಡಿದ್ರ ಯಾಕ ಎತ್ತಲಿಲ್ಲ?"

"ಆವಾಗ ನಿಮ್ದ ಇಳಸಾಕತ್ತಿದ್ದೆ. ಎತ್ತಿದ್ರ ಬೈತೀರಿ ಅಂತ ಎತ್ತಲಿಲ್ಲ. ನಂದಾಗಿದ್ರ ಸುಡ್ಲಿ ಅಂತ ಬಿಡ್ತಿದ್ದೆ. ನೀವು ಸೋಲೂದು ನೋಡಾಕ ಆಗಲಿಲ್ರಿ ನನಗ." ಅವಳ ಕಣ್ಣು ತುಂಬಿದ್ದವು. ಆಮೇಲೆ ಮೆಲ್ಲಗೆ, "ನಂದು?" ಅಂದಳು.

"ಹೋತು."

"ನೀವು ಮುಟ್ಟಲಿಲ್ಲೇನು?"

"ಮುಟ್ಟಲಿಲ್ಲ."

ಆ ಕ್ಷಣದಲ್ಲಿ ನನಗೆ ನನ್ನ ನಿಯತ್ತಿನ ಮೇಲೇ ಹೇಸಿಗೆ ಹುಟ್ಟಿತು. ನೇಮ ಮುರಿದವಳು ನನ್ನನ್ನು ಗೆಲ್ಲಿಸಿದ್ದಳು, ನೇಮ ಕಾದವಳು ನಾನು ಅವಳನ್ನು ಸೋಲಿಸಿದ್ದೆ. ಇದಕ್ಕೆ ಏನಂತೀರಿ? ಬಂದ ಲಾಭದಲ್ಲಿ ಅವಳ ನಷ್ಟ ತುಂಬಿಕೊಡುತ್ತೇನೆ ಅಂದೆ. "ಬ್ಯಾಡ್ರಿ. ಕುಕ್ಕರ್ ನಂದು ಹೋಗೈತಿ, ನಂದಾಗೇ ಹೋಗ್ಲಿ," ಅಂದಳು.

ಮಲ್ಲಿಕಾರ್ಜುನಪ್ಪನವರು ಕರದಂಟಿನ ಡಬ್ಬಿಯನ್ನು ಕೆಳಗಿಟ್ಟರು. "ಮುಂಜಾನಿ ಎಷ್ಟು ಹೋಗ್ತೈತಿ ಅಂದಿದ್ದಿ?" ಅಂತ ಹೆಂಡತಿಯನ್ನು ಕೇಳಿದರು.

"ಒಂದು ಕುಕ್ಕರ್."

"ಎಷ್ಟು ಹೋತು?"

"ಒಂದು ಕುಕ್ಕರ್."

"ಹೂಂ." ಇದು ನಾನು ಅದುವರೆಗೆ ಕೇಳಿರದ ಹೂಂ. ಅವರು ಕುರ್ಚಿಯಲ್ಲಿ ಕೂತು, ನನ್ನ ಕಡೆ ನೋಡದೆ ನೆಲ ನೋಡುತ್ತ ಮಾತಾಡಿದರು. "ಅಕ್ಕಾರ, ನನ್ನ ಬ್ಯಾಳ್ಯಾಗ ಲುಕ್ಸಾನ್ ಯಾವತ್ತೂ ಅಂದಷ್ಟಕ್ಕ ನಿಂತಿಲ್ರಿ. ಗೋದಾಮಿನಾಗ ಹೋದ ವರ್ಷದ ಚೀಲ ಇನ್ನೂ ಅದಾವ. ರೇಟ್ ಬರ್ತೈತಿ, ಬರ್ತೈತಿ ಅಂತ ಕುಂತೀನಿ, ಹುಳ ತಿನ್ನಾಕತ್ತಾವ. ಎಷ್ಟು ಹೋಗ್ತೈತಿ ಅಂತ ಕೇಳಿದ್ರ ನನ್ನ ಹತ್ರ ಜವಾಬಿಲ್ಲ. ಈಕಿ ಹತ್ರ ಐತಿ." ಸರೋಜಾ ಗಂಡನನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. "ಖಾತೆ ಬಂದ್ ಮಾಡಂಗಿಲ್ಲ ಅಂತ ಹೇಳಬೇಕು ಅನಸ್ತೈತಿ. ಆದ್ರ ಒಂದು ಮಾತು. ಅಂದಷ್ಟ ಹೋಗಿದ್ದು ಅಕ್ಕಾರ ಕೈಯಿಂದ. ಈಕಿ ಕೈ ಏನ್ ಮಾಡ್ತೈತಿ ಅನ್ನೂದು ಅಕ್ಕಾರ ಫೋನಿನಾಗ ಕಾಣಾಕತ್ತೈತಿ." ಅವರು ಹೆಂಡತಿಯ ಕಡೆ ತಿರುಗಿದರು. "ನಾಳಿ ಅಕ್ಕಾರು ತಮ್ಮ ಫೋನ್ ನಿನ್ನ ಕೈಯಾಗ ಕೊಡ್ಲಿ. ಮುಟ್ಟಿದಿ ಅಂದ್ರ ಬಂದ್. ಮುಟ್ಟಲಿಲ್ಲ ಅಂದ್ರ ನಾ ಇನ್ನ ಈ ಮಾತು ಎತ್ತಂಗಿಲ್ಲ."

ಮುಟ್ಟಿದರೆ ತಿಳಿಯದೆ ಇರುವುದಿಲ್ಲ. ಯಾವ ಆರ್ಡರನ್ನು ಯಾವಾಗ ತಿದ್ದಿದರು ಅನ್ನುವುದೆಲ್ಲ ಆ್ಯಪಿನಲ್ಲಿ ಉಳಿಯುತ್ತದೆ. ಅವರು ಅದನ್ನೂ ತಿಳಿದುಕೊಂಡೇ ಬಂದಿದ್ದರು.

ಮರುದಿನ ನಾನು ಒಂದು ಷೇರು ಕೊಂಡೆ, ಎರಡೂ ಆರ್ಡರು ಹಾಕಿದೆ. "ಇವತ್ತು ಹೋದ್ರ ಒಂದು ತಿಂಗಳ ಹಾಲು," ಅಂತ ಹೇಳಿ ಮೆಟ್ಟಿಲಿಳಿದೆ. ಸರೋಜಾ ಬಾಗಿಲಲ್ಲಿ ನಿಂತಿದ್ದಳು. ಫೋನು ತೆಗೆದುಕೊಳ್ಳಲು ಕೈ ಚಾಚಲಿಲ್ಲ. "ಬ್ಯಾಡ್ರಿ ಶಾಂತಕ್ಕ. ನನ್ನ ಕೈ ಸುಮ್ನಿರಂಗಿಲ್ಲ. ನಿಮ್ಮ ಹಾಲು ಹೋಗೂದು ನೋಡಾಕ ಆಗಂಗಿಲ್ಲ ನನಗ."

"ಆಗ್ತೈತಿ. ಹಿಡಿ," ಅಂತ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿ ಬಂದೆ. ಅವಳು ಅಂದು ಏನೂ ಕೊಂಡಿರಲಿಲ್ಲ, ಆದರೂ ಪದ್ಧತಿಯಂತೆ ಅವಳ ಫೋನು ನನ್ನ ಹತ್ತಿರ ಬಂತು. ಅದರಲ್ಲಿ ನನ್ನ ಷೇರಿನ ಬೆಲೆ ನೋಡುತ್ತ ಕೂತೆ. ಮೊದಲು ಅದು ಏರಿತು. ಗುರಿಯ ಹತ್ತಿರ ಹೋಯಿತು. ಅಯ್ಯೋ ಬೇಡ, ಬೇಡ ಅಂದೆ! ಸರಳವಾಗಿ ಲಾಭ ಬಂದುಬಿಟ್ಟರೆ ಅವಳ ಕೈಗೆ ಪರೀಕ್ಷೆಯೇ ಆಗುವುದಿಲ್ಲ, ನಾಳೆ ಮತ್ತೆ ಅದೇ ಅನುಮಾನ. ದೇವರ ಮನೆಯ ಕಡೆ ಮುಖ ಮಾಡಿ, ನನ್ನ ಜನ್ಮದಲ್ಲಿ ಮೊದಲ ಸಲ, ನನಗೆ ನಷ್ಟವಾಗಲಪ್ಪಾ ಅಂತ ಬೇಡಿಕೊಂಡೆ.

ದೇವರು ಇಂಥ ಬೇಡಿಕೆಗಳನ್ನು ಬೇಗ ಈಡೇರಿಸುತ್ತಾನೆ. ಬೆಲೆ ತಿರುಗಿತು. ಕೊಂಡ ಬೆಲೆಗೆ ಬಂತು, ಅದಕ್ಕೂ ಕೆಳಗೆ ಬಂತು. ಗೆರೆಯ ಹತ್ತಿರ ಬಂದು, ಅಲ್ಲೇ ತಾಕೀತೋ ಇಲ್ಲವೋ ಅನ್ನುವಂತೆ ತೂಗಾಡತೊಡಗಿತು. ಎಷ್ಟು ಹೊತ್ತು ತೂಗಾಡಿತು! ಕೆಳಗಿನ ಮನೆಯಿಂದ ಒಂದು ಸದ್ದೂ ಇಲ್ಲ. ಅವಳ ಬೆರಳು ಎಲ್ಲಿರಬಹುದು ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಇಳಿದು ಹೋಗಿ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ನಮ್ಮವರೂ ಪೇಪರು ಮಡಚಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತಿದ್ದರು. ಬೆಲೆ ಇನ್ನೊಂದಿಷ್ಟು ಜಾರಿತು, ಗೆರೆ ದಾಟಿತು.

ಅವಳು ಗೆರೆ ಇಳಿಸಿದ್ದರೆ ಕೆಳಗೆ ಈಗ ಮೌನ, ಮುಟ್ಟದಿದ್ದರೆ ಆರ್ಡರು ನಡೆದ ಸದ್ದು. ಕಿವಿಗೊಟ್ಟು ಕಾದೆ.

ಕೆಳಗೆ ಬಾಗಿಲು ಧಡಾರನೆ ತೆರೆಯಿತು. ಮೆಟ್ಟಿಲ ಮೇಲೆ ಬಳೆ, ಕಾಲುಂಗುರ, ಏದುಸಿರು ಎಲ್ಲಾ ಒಟ್ಟಿಗೆ ಕೇಳಿಸಿದವು. ನಾನು ಓಡಿ ಹೋಗಿ ಬಾಗಿಲು ತೆಗೆದರೆ ಸರೋಜಾ ನನ್ನ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ನಗುತ್ತ ಬರುತ್ತಿದ್ದಳು.

"ಮುಟ್ಟಲಿಲ್ಲ ಶಾಂತಕ್ಕ! ಮುಟ್ಟಲಿಲ್ಲ! ಹೋತ್ರಿ! ನಿಮ್ಮ ಹಾಲು ಪೂರಾ ಹೋತು!"

ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರೂ ಮೆಟ್ಟಿಲ ಮೇಲೆಯೇ ಗಿರಗಿರ ತಿರುಗಿದೆವು. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರೆ ಯಾವ ಸ್ಟಾಪ್‌ಲಾಸೂ ಕಾಯುತ್ತಿರಲಿಲ್ಲ. ಗದ್ದಲ ಕೇಳಿ ನಮ್ಮ ವಾಚ್‌ಮನ್ ಯಾದಯ್ಯ ಗೇಟಿನ ಹತ್ತಿರದಿಂದ ಕತ್ತೆತ್ತಿ, "ಏಮ್ಮಾ, ಲಾಭಮಾ?" ಅಂತ ತೆಲುಗಿನಲ್ಲಿ ಕೂಗಿ ಕೇಳಿದ.

ಸರೋಜಾ ಮೆಟ್ಟಿಲ ಕಟಾಂಜನದ ಮೇಲೆ ಬಗ್ಗಿ, ಅಲ್ಲ ಅಂತ ಕೈಯಾಡಿಸುತ್ತ, ಅವನ ತೆಲುಗಿನಲ್ಲೇ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಕಾದು ಯಾದಯ್ಯಾ! ನಷ್ಟಂ! ನಷ್ಟಂ!"